ಕಲ್ಯಾಣ ಹುಮನಾಬಾದುಗಳ ಎಲ್ಲೆಗುರುತುಗಳೂ ಅರಣ್ಯದ ಲೆಕ್ಕವೂ

ನಮ್ಮ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನು ನಟ್ಟ ಕಲ್ಲು, ಹಳ್ಳ, ಹೆಮ್ಮರ ಮೊದಲಾದ ಗುರುತುಗಳಿಂದ ಹೇಳಿರುವುದನ್ನು ವಾಚಕರು ಬಲ್ಲರು. ಒಂದನೆಯ ಸೋಮೇಶ್ವರನು (1042–1068) ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ ಈ ಸೀಮೆಯಲ್ಲಿ ಇಂತಹ ಲಿಖಿತಗಳು ಹೆಚ್ಚಿದುವು. ಹುಮನಾಬಾದು ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯನ್ನು ಕಂಡರಿಸಿರುವುದೇ ಬರವಣಿಗೆಗೆ ಇದ್ದ ಮನ್ನಣೆಗೆ ಸಾಕ್ಷಿಯು. ಆದರೆ ಶಾಸನವು ಹೊಲದ ಅಳತೆಯನ್ನು ಮತ್ತರುಗಳಲ್ಲಿ ಹೇಳುವುದೇ ಹೊರತು, ಆ ಹೊಲಕ್ಕಾಗಿ ಕಡಿದ ಕಾಡಿನ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿಯು ನವಾಬರ ಜಾಗೀರಾಗಿದ್ದಿತು. ದಿವಾನಿ ಗ್ರಾಮಗಳಂತೆ ಜಾಗೀರು ಗ್ರಾಮಗಳು ನೇರವಾಗಿ ಸರ್ಕಾರದ ಕಂದಾಯದ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಹೈದರಾಬಾದು ಸಂಸ್ಥಾನದ ಅರಣ್ಯ ಕಾಯಿದೆಯು ಫಸಲಿ 1355ರದು, ಎಂದರೆ 1945–46ನೆಯ ಸಾಲಿನದು. ಜಾಗೀರುಗಳು ರದ್ದಾದುದು 1949ನೆಯ ಆಗಸ್ಟಿನಲ್ಲಿ. 1956ನೆಯ ನವೆಂಬರ್ 1ರಂದು ಬೀದರ ಜಿಲ್ಲೆಯ ಕನ್ನಡ ಭಾಗವು ಮೈಸೂರು ರಾಜ್ಯವನ್ನು ಸೇರಿತು. ಇಷ್ಟು ಆಡಳಿತಗಳನ್ನು ದಾಟಿ ಬಂದಿರುವ ಪಹಣಿಯು ಹಿಡುವಳಿದಾರನನ್ನೂ ವಿಸ್ತೀರ್ಣವನ್ನೂ ಬೆಳೆಯನ್ನೂ ತಿಳಿಸುತ್ತದೆ; ನೆಲವು ಎಂದು ಹೊಲವಾಯಿತೆಂಬುದನ್ನು ತಿಳಿಸುವುದಿಲ್ಲ.

ಈಗ ಅದೇ ಪ್ರಶ್ನೆಯು ಕಡಲಾಚೆಯಿಂದ ಬಂದಿರುತ್ತದೆ. 2023ನೆಯ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾನೂನು ದನ, ಕೋಕೋ, ಕಾಫಿ, ತಾಳೆಎಣ್ಣೆ, ರಬ್ಬರು, ಸೋಯಾ, ಮರ ಎಂಬ ಏಳು ಸರಕುಗಳು 2020ನೆಯ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದಿಂದ ಬಂದವುಗಳಾಗಿರಕೂಡದೆಂದು ವಿಧಿಸುತ್ತದೆ. ಅದರ ಅನುಷ್ಠಾನದ ಗಡುವು ಮುಂದಕ್ಕೆ ಹೋಗಿದೆ. ನಾಲ್ಕು ಹೆಕ್ಟೇರಿಗೆ ಮೀರದ ಹೊಲಕ್ಕೆ ಅಕ್ಷಾಂಶ ರೇಖಾಂಶಗಳ ಒಂದು ಬಿಂದುವು ಸಾಕು. ಮಿಕ್ಕವಕ್ಕೆ ಸುತ್ತಣ ಎಲ್ಲೆಯೇ ಬೇಕು. ಬಸವಕಲ್ಯಾಣ ಹುಮನಾಬಾದುಗಳ ಮುಂಗಾರಿನ ಮುಖ್ಯ ಬೆಳೆಗಳಲ್ಲಿ ಸೋಯಾ ಒಂದು. ಅದರ ಹಿಂಡಿಯು ಭಾರತದಿಂದ ಯೂರೋಪಿಗೂ ರಫ್ತಾಗುತ್ತದೆ. ಆದರೆ ಹಲವರ ಚೀಲಗಳು ಮಾರುಕಟ್ಟೆಯ ಪ್ರಾಂಗಣದಲ್ಲಿ ಒಂದೇ ರಾಶಿಯಾದ ಮೇಲೆ ಯಾವ ಕಾಳು ಯಾವ ಹೊಲದ್ದೆಂದು ಹೇಳುವುದು ಹೇಗೆ? ಗುರುತಿಲ್ಲದ ಸಣ್ಣ ರೈತನು ನಿರ್ದೋಷಿಯಾಗಿದ್ದರೂ ಹೊರಗುಳಿಯುವ ಭಯವುಂಟು. ಅಲ್ಲದೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯನ್ನು ಪೋಷಿಸಿದ ಕಬ್ಬಾಗಲಿ, ಈ ನಾಡಿನ ತೊಗರಿಯಾಗಲಿ ಆ ಪಟ್ಟಿಯಲ್ಲಿಯೇ ಇಲ್ಲ.

ಬ್ರೆಜಿಲಿನ ಉದಾಹರಣೆಯು ಇಲ್ಲಿ ಬೋಧಪ್ರದವಾಗಿದೆ. ಅಮೆಜಾನಿನಲ್ಲಿ ಹೊಸದಾಗಿ ಕಾಡು ಕಡಿದ ನೆಲದ ಸೋಯಾವನ್ನು ಕೊಳ್ಳುವುದಿಲ್ಲವೆಂದು 2006ರಲ್ಲಿ ವರ್ತಕರು ಒಪ್ಪಿಕೊಂಡರು. ಎಲ್ಲೆಯ ದಿನವನ್ನು ಆಮೇಲೆ 2008ನೆಯ ಜುಲೈಗೆ ಸರಿಸಲಾಯಿತು. ಪಕ್ಕದ ಸೆರಾಡೊ ಎಂಬ ಕುರುಚಲು ಬಯಲು ಆ ಒಪ್ಪಂದದ ಹೊರಗೇ ಉಳಿಯಿತು. ನಮ್ಮಲ್ಲಿಯೂ ಇದೇ ಸಂದೇಹವುಂಟು. ಅರ್ಧ ಹೆಕ್ಟೇರಿಗೆ ಮೀರಿದ ವಿಸ್ತಾರ, ಐದು ಮೀಟರಿಗೆ ಮೀರಿದ ಮರಗಳು, ನೂರಕ್ಕೆ ಹತ್ತಕ್ಕೂ ಹೆಚ್ಚಿನ ನೆರಳು, ಇವಿದ್ದರೆ ಮಾತ್ರ ಆ ಕಾನೂನಿಗೆ ಅದು ಅರಣ್ಯವು. ಜಂಬಿಟ್ಟಿಗೆಯ ದಿಣ್ಣೆಗಳ ಹುಲ್ಲು ಪೊದೆಗಳೂ ಕೃಷ್ಣಮೃಗಗಳು ಮೇಯುವ ಬಯಲುಗಳೂ ಈ ಲಕ್ಷಣಕ್ಕೆ ಸಿಗುವುದು ಕಷ್ಟ.

ಆದುದರಿಂದ ಅರಣ್ಯನಾಶದ ಲೆಕ್ಕವು ಆರಿಸಿಕೊಂಡ ದಿನವನ್ನೂ ಅರಣ್ಯವೆಂಬ ಪದದ ಅರ್ಥವನ್ನೂ ಅವಲಂಬಿಸಿದೆಯೆಂಬುದು ಸ್ಪಷ್ಟವು. ಶತಮಾನಗಳಿಂದ ಉತ್ತ ಎರೆಯ ಹೊಲವು ಇಂದು ಸುಲಭವಾಗಿ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಇನ್ನೂ ಉಳಿದಿರುವ ಕುರುಚಲು ನೆಲವು ಯಾರ ಲೆಕ್ಕಕ್ಕೂ ಬಾರದೆ ಅಳಿಯಬಹುದು. ಭೂಮಿಯನ್ನು ಚಿತ್ರಿಸುವ ಲ್ಯಾಂಡ್‌ಸ್ಯಾಟ್ ಉಪಗ್ರಹಮಾಲೆಯ ಜ್ಞಾಪಕವು 1972ಕ್ಕಿಂತ ಹಿಂದಕ್ಕೆ ಹೋಗದು. ಅದಕ್ಕೂ ಹಿಂದಿನದನ್ನು ಶಾಸನಗಳು, ಜಾಗೀರಿನ ದಫ್ತರಗಳು, ಹಳೆಯ ಭೂಮಾಪನದ ನಕ್ಷೆಗಳು ಇವುಗಳಿಂದಲೇ ಅರಿಯಬೇಕು. ಇವನ್ನು ಗ್ರಾಮಗ್ರಾಮವಾಗಿ ಹೋಲಿಸಿ ಪ್ರಕಟಿಸಿದರೆ ರೈತನಿಗೆ ಪ್ರಮಾಣವೂ ಬಯಲಿಗೆ ರಕ್ಷಣೆಯೂ ದೊರೆತಾವು. ಈ ಕಾರ್ಯಕ್ಕೆ ಸಂಶೋಧಕರು ಕೈಹಾಕಬೇಕಾಗಿದೆ.