ಗ್ಯಾಲರಿ ಬಿಚ್ಚಿದ ಮಾರ್ಚ್: ಕಾಸರಗೋಡಿನಿಂದ ಕಂಡ ಸೆವೆನ್ಸ್, 2020

ಕಾಸರಗೋಡಿನ ಆಟ ಅಂದ ಕೂಡಲೇ ನಾವು ಕಬಡ್ಡಿ, ಕಂಬಳ ಅಂತ ಶುರು ಮಾಡ್ತೇವೆ. ನಾನು ಮಾತಾಡ್ಲಿಕ್ಕೆ ಹೊರಟದ್ದು ಸೆವೆನ್ಸ್ ಬಗ್ಗೆ. ತಂಡಕ್ಕೆ ಏಳೇ ಜನರ ಈ ಫುಟ್‌ಬಾಲ್ ಮಲಬಾರಿನುದ್ದಕ್ಕೂ ಇದೆ. ಮಳೆ ಬಿಟ್ಟ ಮೇಲೆ ಕೊಯ್ದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಗ್ಯಾಲರಿ ಕಟ್ತಾರೆ, ರಾತ್ರಿ ಲೈಟು, ಟಿಕೆಟು. ಅಖಿಲ ಭಾರತ ಫೆಡರೇಶನ್ನಿನ ಲೆಕ್ಕದಲ್ಲಿ ಇದು ಇಲ್ಲವೇ ಇಲ್ಲ. ಆದರೂ ನೈಜೀರಿಯಾ, ಘಾನಾದ ಆಟಗಾರರನ್ನು ಕರೆಸಿ, ಪಂದ್ಯಕ್ಕಿಷ್ಟು ಅಂತ ಕೊಡುವಷ್ಟು ದುಡ್ಡು ಅದರಲ್ಲಿ ಓಡಾಡುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಸೀಸನ್ ನಡುವಲ್ಲೇ ನಿಂತಿತು. ಅದೇ ಮಾರ್ಚ್ 14ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್ ಖಾಲಿ ಮೈದಾನದಲ್ಲಿ ನಡೆಯಿತು; ಐಪಿಎಲ್ ಸೆಪ್ಟೆಂಬರಿನಲ್ಲಿ ಯುಎಇಗೆ ಹೋಯಿತು. ಟಿವಿಯ ದುಡ್ಡಿದ್ದವರಿಗೆ ಪ್ರೇಕ್ಷಕರಿಲ್ಲದೆಯೂ ಆಡಬಹುದಿತ್ತು. ಸೆವೆನ್ಸಿಗೆ ಜನ ಇಲ್ಲದಿದ್ದರೆ ಟಿಕೆಟಿಲ್ಲ, ಟಿಕೆಟಿಲ್ಲದಿದ್ದರೆ ಕೂಲಿಯಿಲ್ಲ. ವಿಮಾನಗಳೂ ನಿಂತು ಆಫ್ರಿಕಾದ ಆಟಗಾರರು ಬಾಡಿಗೆ ಕೋಣೆಗಳಲ್ಲೇ ಸಿಕ್ಕಿಬಿದ್ದರು. ಊಟಕ್ಕೆ ಕ್ಲಬ್ಬಿನವರನ್ನೂ ಊರವರನ್ನೂ ನಂಬಬೇಕಾಯಿತು. ಗ್ಯಾಲರಿ ಕಟ್ಟುವವರ, ಹೊರಗೆ ಕಡ್ಲೆ ಮಾರುವವರ ಕಥೆ ಬೇರೆಯೇ.

ಇದು ನಮ್ಮ ಬರವಣಿಗೆಯಲ್ಲಿ ಯಾಕೆ ಇಲ್ಲ? ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆ ಮುಟ್ಟಲಾರದೆ ರೋಗಿಗಳು ಸತ್ತ ದಿನಗಳವು. ಫುಟ್‌ಬಾಲ್ ಬಗ್ಗೆ ಬರೆಯುವ ಮನಸ್ಸು ಯಾರಿಗಿತ್ತು! ಅದು ಸರಿಯೇ. ಆದರೆ ಫೆಡರೇಶನ್ನಿನ ಪುಸ್ತಕದಲ್ಲಿಲ್ಲದ ಸೀಸನ್ ರದ್ದಾದರೆ, ರದ್ದಾಯಿತೆಂಬುದಕ್ಕೂ ದಾಖಲೆ ಉಳಿಯುವುದಿಲ್ಲ. ಆಡದ ಪಂದ್ಯಗಳ ದಿನಾಂಕವಿರುವ ನೋಟೀಸೇ ನಮಗೀಗ ಆಕರ. ಮನೆಯಲ್ಲಿ ಅಂಥದ್ದಿದ್ದರೆ ರದ್ದಿಗೆ ಹಾಕ್ಬೇಡಿ, ಫೋಟೋ ತೆಗೆದಾದರೂ ಕಳಿಸಿ.