ಕುತ್ತಿಗೆಯಲ್ಲಿ ನೇತಾಡಿದ ಹೆಡ್‌ಫೋನ್

ಹೋದ ವರ್ಷ ಒಬ್ಬ ಹಿರಿಯ ನೀರುಗಂಟಿಯವರ ಮಾತು ರೆಕಾರ್ಡ್ ಮಾಡಿಕೊಳ್ಳಲು ಹೋಗಿದ್ದೆವು. ಕೆರೆಯ ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡುವುದು, ಬೇಸಿಗೆಯಲ್ಲಿ ನೀರಿನ ಜಗಳ ಬಿಡಿಸುವುದು, ಎಲ್ಲವನ್ನೂ ಜಗಲಿ ಮೇಲೆ ಕೂತು ನಿಧಾನಕ್ಕೆ ಹೇಳುತ್ತಿದ್ದರು. ನಮ್ಮ ತಲೆ ಮೇಲೆ ಒಂದು ಸ್ಟುಡಿಯೋ ಹೆಡ್‌ಫೋನ್ ಇತ್ತು. ಸೌಂಡ್ ಭಾರಿ ಚೆನ್ನಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಸಾಲ ಮಾಡಿ ತಂದದ್ದು. ಸೌಂಡ್ ಚೆನ್ನಾಗಿಯೇ ಇತ್ತು. ಆದರೆ ಅದು ಕನ್ನಡಕದ ಕಡ್ಡಿಯನ್ನು ಕಿವಿ ಹಿಂದೆ ಒತ್ತಿ ಒತ್ತಿ, ಅರ್ಧ ಗಂಟೆಗೆಲ್ಲ ತಲೆ ಸಿಡಿಯತೊಡಗಿತು. ತೆಗೆದು ಕುತ್ತಿಗೆಗೆ ಹಾಕಿಕೊಂಡೆವು.

ಆಮೇಲೆ ಮೈಕಿನ ವೈರು ಸಡಿಲವಾಗಿದ್ದು ನಮಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಕೇಳಿದರೆ ಕೊನೆಯ 20 ನಿಮಿಷ ಬರೀ ಕರಕರ. ಜಗಳದ ಕಥೆ ಪೂರ್ತಿ ಅದರಲ್ಲೇ ಹೋಗಿತ್ತು.

ಹೆಡ್‌ಫೋನ್ ಕೊಳ್ಳುವಾಗ ಹಿತ ಮುಖ್ಯವೋ ಸೌಂಡ್ ಮುಖ್ಯವೋ ಅಂತ ನಮ್ಮ ಗೆಳೆಯರು ಆಗಾಗ ಕೇಳುತ್ತಾರೆ. ಆ ದಿನದ ಮೇಲೆ ನಾವು ಈ ಪ್ರಶ್ನೆಯ ಹಿಂದೆ ಬಿದ್ದೆವು. ಇದರ ಇತಿಹಾಸ ನೋಡಿದರೆ ನೂರೈವತ್ತು ವರ್ಷದ ಹತ್ತಿರ ಹೋಗುತ್ತದೆ.

ತಲೆಗೆ ಹಾಕುವ ಫೋನು ಮೊದಲು ಬೇಕಾದದ್ದು ಹಾಡು ಕೇಳುವವರಿಗಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಗಾರರಿಗೆ. ಎರಡೂ ಕೈಯಲ್ಲಿ ಕರೆ ಜೋಡಿಸಬೇಕು, ಕಿವಿಗೊಂದು ಫೋನು ಬೇಕು, ಹಿಡಿಯಲು ಮೂರನೇ ಕೈ ಇಲ್ಲ. ಅಮೆರಿಕದ ಎಜ್ರಾ ಗಿಲಿಲ್ಯಾಂಡ್ ಎಂಬಾತ 1880ರ ದಶಕದಲ್ಲಿ ಭುಜದ ಮೇಲೆ ಹೊರುವ ಒಂದು ಸಾಧನ ಮಾಡಿದ. ಕಿವಿಗೊಂದು ಫೋನು, ಬಾಯಿಗೆದುರು ಒಂದು ಮೈಕು, ಕೆಲವು ಕೇಜಿ ತೂಕ. ಎತ್ತಿನ ಹೆಗಲಿಗೆ ನೊಗ ಇಟ್ಟ ಹಾಗೆ ಅಂದುಕೊಳ್ಳಿ. 1891ರಲ್ಲಿ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾಡಿಯೇ ಪೂರಾ ಉಲ್ಟಾ ದಾರಿ ಹಿಡಿದ. ಕಿವಿಯೊಳಗೇ ಇಡುವ, 50 ಗ್ರಾಮಿಗೂ ಕಮ್ಮಿ ತೂಕದ ಜೋಡಿ ಫೋನಿಗೆ ಪೇಟೆಂಟ್ ಪಡೆದ. ಕಿವಿ ಉಜ್ಜಿ ನೋಯಬಾರದೆಂದು ರಬ್ಬರ್ ಹೊದಿಕೆಯನ್ನೂ ಹಾಕಿದ. ಇವತ್ತು ನಮ್ಮ ಬಸ್ಸಿನಲ್ಲಿ ಹುಡುಗರು ಹಾಕಿಕೊಳ್ಳುವ ಇಯರ್‌ಫೋನಿನ ಮುತ್ತಾತ ಅದೇ.

ನಮಗೆ ಈ ಇತಿಹಾಸದಲ್ಲಿ ಬಹಳ ಹಿಡಿಸಿದವನು ನಥಾನಿಯಲ್ ಬಾಲ್ಡ್‌ವಿನ್. ಅಮೆರಿಕದ ಯೂಟಾ ರಾಜ್ಯದವನು. ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನುವುದು ಅವನ ತಲೆಬಿಸಿ. ಆ ಹುಡುಕಾಟದಲ್ಲಿ, ಸಣ್ಣ ಸದ್ದನ್ನೂ ಎತ್ತಿ ಕೊಡುವ ಜೋಡಿ ಫೋನು ತಯಾರಾಯಿತು. 1910ರಲ್ಲಿ ಅದನ್ನು ಅಮೆರಿಕದ ನೌಕಾಪಡೆಗೆ ಕಳಿಸಿದ. ನೌಕಾಪಡೆಯವರು ಪರೀಕ್ಷೆ ಮಾಡಿ ಬೆರಗಾದರು. ಅವರು ಬಳಸುತ್ತಿದ್ದವುಗಳಿಗಿಂತ ಇದು ಎಷ್ಟೋ ಚೆನ್ನಾಗಿ ಕೇಳಿಸುತ್ತಿತ್ತು. ಹೆಚ್ಚು ಬೇಕು ಎಂದರೆ ಬಾಲ್ಡ್‌ವಿನ್ ಒಂದು ಸಲಕ್ಕೆ ಹತ್ತು ಮಾತ್ರ ಕೊಡಬಲ್ಲೆ ಎಂದ. ಯಾಕೆಂದರೆ ಅವನು ತಯಾರಿಸುತ್ತಿದ್ದುದು ಮನೆಯ ಅಡುಗೆಮನೆಯಲ್ಲಿ!

ಇಷ್ಟು ಒಳ್ಳೆಯ ಸೌಂಡ್ ಸಿಕ್ಕ ಮೇಲೂ ನೌಕಾಪಡೆಯವರು ಸುಮ್ಮನಿರಲಿಲ್ಲ. ತಲೆಪಟ್ಟಿ ಇನ್ನಷ್ಟು ಹಿತವಾಗಿರಲಿ ಎಂದು ಸಲಹೆ ಕೊಟ್ಟರು. ಗಂಟೆಗಟ್ಟಲೆ ಕೂತು ಟಿಕ್ ಟಿಕ್ ಸದ್ದು ಕೇಳಬೇಕಾದವನಿಗೆ ಮಾತ್ರ ತಿಳಿಯುವ ಕಷ್ಟ ಅದು. ಬಾಲ್ಡ್‌ವಿನ್ ತಲೆಪಟ್ಟಿ ತಿದ್ದಿದ. ಚರ್ಮ ಸುತ್ತಿದ ಎರಡು ತಂತಿ, ಕಿವಿ ಎಲ್ಲಿದೆಯೋ ಅಲ್ಲಿಗೆ ಜಾರಿಸಿಕೊಳ್ಳುವ ವ್ಯವಸ್ಥೆ. ಪೇಟೆಂಟ್ ಮಾಡಿಸಿಕೋ ಎಂದರೆ, ಇದೇನು ಮಹಾ ಎಂದು ಬಿಟ್ಟುಬಿಟ್ಟನಂತೆ. ಮುಂದೆ ಕಾರ್ಖಾನೆ ಕಟ್ಟಿದ, ದುಡ್ಡು ಮಾಡಿದ, ಎಲ್ಲ ಕಳೆದುಕೊಂಡು ಜೈಲನ್ನೂ ನೋಡಿದ. ಅದು ಬೇರೆಯೇ ಕಥೆ. ಇವತ್ತು ನಮ್ಮ ನೆತ್ತಿ ಮೇಲೆ ಕೂರುವ ಪಟ್ಟಿ ಮಾತ್ರ ಅವನು ಸಸಾರ ಮಾಡಿದ ಅದೇ ಪಟ್ಟಿಯ ಸಂತಾನ.

ಹಾಗಾದರೆ ಎಲ್ಲರೂ ಹಗುರ, ಸಡಿಲ ಹೆಡ್‌ಫೋನನ್ನೇ ಮಾಡಬಹುದಿತ್ತಲ್ಲ? ಇಲ್ಲಿದೆ ತೊಡಕು. ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಗಟ್ಟಿ ಒತ್ತಿದರೆ ಎಷ್ಟು ನಿಧಾನಕ್ಕೆ ಪಂಪ್ ಮಾಡಿದರೂ ಬೆರಳಿಗೆ ಗಾಳಿಯ ಒತ್ತಡ ತಾಗುತ್ತದೆ. ಬೆರಳು ಸ್ವಲ್ಪ ಸಡಿಲ ಮಾಡಿ. ಜೋರಾಗಿ ಒತ್ತಿದಾಗ ಮಾತ್ರ ತಾಗುತ್ತದೆ, ನಿಧಾನಕ್ಕೆ ಒತ್ತಿದರೆ ಸುಸ್ಸೆಂದು ಸೋರಿ ಹೋಗುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲೂ ಇಷ್ಟೇ. ಡೊಳ್ಳಿನ ಕೆಳದನಿ ಅಂದರೆ ಗಾಳಿಯ ನಿಧಾನ ಅಲುಗಾಟ. ಕಿವಿ ಸುತ್ತಲಿನ ಮೆತ್ತೆ ಚರ್ಮಕ್ಕೆ ಸರಿಯಾಗಿ ಅಂಟದಿದ್ದರೆ ಮೊದಲು ಸೋರುವುದು ಡೊಳ್ಳು, ತಾಳ ಅಲ್ಲ. ಕನ್ನಡಕದ ಕಡ್ಡಿ ಮಾಡುವ ಸಣ್ಣ ಸಂದಿಯೂ ಸಾಕು. ಅದಕ್ಕೇ ಕಂಪನಿಯವರು ಬಿಗಿ ಮಾಡುವುದು. ಬಿಗಿ ಮಾಡಿದರೆ ನಿಮ್ಮ ತಲೆ ನೋಯುತ್ತದೆ. ಸೌಂಡ್ ಬೇಕೆಂದರೆ ನೋವು ತಿನ್ನಬೇಕು ಅನ್ನುವ ಮಾತಿನಲ್ಲಿ ಇಷ್ಟು ಮಾತ್ರ ನಿಜ.

1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಂದ ಡಿಟಿ 48 ಇದಕ್ಕೆ ಒಳ್ಳೆ ಉದಾಹರಣೆ. ಮಾತು ಎಷ್ಟು ಸ್ಪಷ್ಟ ಎಂದರೆ ಕಿವಿ ಪರೀಕ್ಷೆಯ ಯಂತ್ರಗಳಿಗೂ ಅದನ್ನು ಹಾಕುತ್ತಿದ್ದರು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ತಯಾರಾಯಿತು. ಆದರೆ ಹಾಕಿಕೊಂಡವರು ಯಾರೂ ಅದನ್ನು ದಿಂಬಿಗೆ ಹೋಲಿಸಿದ್ದಿಲ್ಲ. 1958ರಲ್ಲಿ ಅಮೆರಿಕದ ಜಾನ್ ಕಾಸ್ ಮನೆಯಲ್ಲಿ ಸಂಗೀತ ಕೇಳುವವರಿಗೆ ಸ್ಟೀರಿಯೋ ಹೆಡ್‌ಫೋನ್ ತಂದ. ಮುಂದೆ ಅದೇ ಕಂಪನಿ ಸೋರಿಕೆ ನಿಲ್ಲಿಸಲು ಮೆತ್ತೆಯೊಳಗೆ ದ್ರವ ತುಂಬಿತು. ಗಾಳಿ ಸೋರುವುದು ನಿಂತಿತು, ತೂಕ ಏರಿತು.

1968ರಲ್ಲಿ ಜರ್ಮನಿಯದೇ ಸೆನ್‌ಹೈಸರ್ ಕಂಪನಿ ಬೇರೆ ಯೋಚನೆ ಮಾಡಿತು. ಮುಚ್ಚಿದರೆ ತಾನೆ ಬಿಗಿ ಬೇಕು? ಮುಚ್ಚುವುದೇ ಬೇಡ. ಎಚ್‌ಡಿ 414 ಎಂಬ ಆ ಮಾದರಿಯ ಹಿಂಭಾಗ ತೆರೆದೇ ಇತ್ತು, ಕಿವಿ ಮೇಲೆ ಹಳದಿ ಸ್ಪಂಜು, ತೂಕ 135 ಗ್ರಾಮಿನ ಆಸುಪಾಸು. ತೀರಾ ಕೆಳದನಿ ಸ್ವಲ್ಪ ಕಮ್ಮಿ. ಆದರೆ ಹಾಡು ತಲೆಯೊಳಗೆ ಕೂಡಿ ಹಾಕಿದ ಹಾಗಲ್ಲದೆ ಕೋಣೆಯಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು. ಕಿವಿ ಬೆವರುತ್ತಿರಲಿಲ್ಲ. ಅದು ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು.

ಹಿತ, ಸೌಂಡ್ ಎರಡೂ ಸಿಕ್ಕವು, ಕಥೆ ಮುಗಿಯಿತು ಅಂದುಕೊಂಡಿರಾ? ತೆರೆದ ಹೆಡ್‌ಫೋನಿನ ಸದ್ದು ಹೊರಗೂ ಬರುತ್ತದೆ, ಹೊರಗಿನ ಸದ್ದು ಒಳಗೂ ಬರುತ್ತದೆ. ಹಾಡುವವಳು ಮೈಕಿನ ಮುಂದೆ ಅದನ್ನು ಹಾಕಿಕೊಂಡರೆ ತಬಲಾ ಸದ್ದು ಕಿವಿಯಿಂದ ಸೋರಿ ಮೈಕಿಗೆ ಹೋಗುತ್ತದೆ. ನಾವು ಜಗಲಿ ಮೇಲೆ ಕೂತಾಗಲೂ ಅದೇ ಪಾಡು. ಪಕ್ಕದ ಟ್ರ್ಯಾಕ್ಟರ್ ಸದ್ದು ಮೈಕಿನಿಂದ ಬಂದದ್ದೋ, ಸೀದಾ ಕಿವಿಗೆ ಬಿದ್ದದ್ದೋ ತಿಳಿಯುವುದಿಲ್ಲ. ಹಾಗಾಗಿ ಸ್ಟುಡಿಯೋದವರು ಎರಡು ಜಾತಿ ಇಟ್ಟುಕೊಂಡರು. ರೆಕಾರ್ಡಿಂಗಿಗೆ ಮುಚ್ಚಿದ್ದು, ಆಮೇಲೆ ಕೂತು ಎಡಿಟ್ ಮಾಡಲು ತೆರೆದದ್ದು.

ಎರಡು ಕೊಳ್ಳುವ ಯೋಗ್ಯತೆ ನಮ್ಮಂಥ ಸ್ಟ್ರಿಂಗರುಗಳಿಗೆ ಎಲ್ಲಿ? ಸುದ್ದಿಗೊಂದು ಲೆಕ್ಕದಲ್ಲಿ ಬರುವ ದುಡ್ಡಿನಲ್ಲಿ ಒಂದೇ ಕೊಳ್ಳಲು ಆಗುವುದು. ಒಂದೇ ಎಂದಾದರೆ ಮುಚ್ಚಿದ್ದೇ ಇರಲಿ ಎನ್ನುತ್ತೇವೆ ನಾವು. ಅದರಲ್ಲೂ ಆಯ್ಕೆ ಇದೆ. 1991ರಿಂದ ಅನೇಕ ಸ್ಟುಡಿಯೋಗಳಲ್ಲಿ ಕಾಣುವ ಸೋನಿಯ ಎಂಡಿಆರ್ 7506 ಸುಮಾರು 230 ಗ್ರಾಮ್, ಮಡಚಿ ಚೀಲಕ್ಕೆ ಹಾಕಬಹುದು. ಮೆತ್ತೆ ತೆಳು ರೆಕ್ಸಿನ್ ಥರದ್ದು, ಬೇಸಿಗೆಯಲ್ಲಿ ಅಂಟುತ್ತದೆ, ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಬೇಯರ್‌ನ ಡಿಟಿ 770 ಪ್ರೋ ಸುಮಾರು 270 ಗ್ರಾಮ್, ಮಖಮಲ್ಲಿನ ದೊಡ್ಡ ಮೆತ್ತೆ. ತೂಕ ಜಾಸ್ತಿಯಿದ್ದರೂ ಹಗುರ ಅನಿಸುತ್ತದೆ, ಏಕೆಂದರೆ ಒತ್ತಡ ಒಂದೇ ಕಡೆ ಬೀಳುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 25 ಬರೀ 140 ಗ್ರಾಮ್, ಗದ್ದಲದಲ್ಲೂ ಚೆನ್ನಾಗಿ ಕೇಳಿಸುತ್ತದೆ. ಆದರೆ ಕಿವಿಯ ಮೇಲೇ ಕೂತು ಹಿಸುಕುತ್ತದೆ. ಅಂದರೆ ಡಬ್ಬಿ ಮೇಲೆ ಬರೆದ ಗ್ರಾಮು ನೋಡಿ ಹಿತ ಅಳೆಯಲು ಬರುವುದಿಲ್ಲ.

ಇನ್ನೊಂದು ವಿಷಯ. ಕಿವಿಗೆ ಸರಿಯಾಗಿ ಕೂರದ ಹೆಡ್‌ಫೋನಿನಲ್ಲಿ ಕೆಳದನಿ ಕಮ್ಮಿಯಾದಾಗ ನಾವು ಮಾಡುವುದೇನು? ವಾಲ್ಯೂಮ್ ಏರಿಸುವುದು. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊತ್ತುಗಟ್ಟಲೆ ಎಡಿಟ್ ಮಾಡುವವರು ಇದನ್ನು ಮರೆಯಬಾರದು. ತಲೆನೋವು ಮಾತ್ರೆಗೆ ಹೋಗುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ.

ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಎಲ್ಲವೂ ಹಿತವೇ. ನಿಮ್ಮ ಕನ್ನಡಕ ಹಾಕಿಕೊಂಡೇ ಹೋಗಿ, ಅರ್ಧ ಗಂಟೆ ಹಾಕಿಕೊಂಡು ಕೂರಿ, ಅಂಗಡಿಯವರು ಗೊಣಗಿದರೆ ಗೊಣಗಲಿ. ನಾವು ಹಾಗೇ ಮಾಡಿ, ಗೆಳೆಯರೊಬ್ಬರು ಬಳಸಿದ ಮಖಮಲ್ ಮೆತ್ತೆಯ ಹೆಡ್‌ಫೋನನ್ನು ಅರ್ಧ ಬೆಲೆಗೆ ಕೊಂಡೆವು. ಹಳೆಯದರಷ್ಟು ಬಿಡಿಬಿಡಿಯಾಗಿ ಕೇಳುವುದಿಲ್ಲ, ನಿಜ. ಆದರೆ ಎರಡು ತಾಸು ತಲೆ ಮೇಲೆ ಇರುತ್ತದೆ.

ಅದನ್ನು ಹಾಕಿಕೊಂಡು ಮತ್ತೆ ನೀರುಗಂಟಿಯವರ ಜಗಲಿಗೆ ಹೋದೆವು. ವೈರು ಎರಡೆರಡು ಸಲ ನೋಡಿಕೊಂಡೆವು. ಆ ಜಗಳದ ಕಥೆ ಇನ್ನೊಮ್ಮೆ ಹೇಳಿ ಅಜ್ಜಾ ಎಂದರೆ, "ಅವತ್ತೇ ಹೇಳಿದ್ನಲ್ಲಪ್ಪಾ" ಎಂದು ನಕ್ಕು ನಾಲ್ಕೇ ಮಾತಿನಲ್ಲಿ ಮುಗಿಸಿಬಿಟ್ಟರು.