ಹೆಣ್ಣುವೇಷದ ಮೈಕಟ್ಟು: ದಾವಣಗೆರೆ ಸೀಮೆಯ ಆಟ–ನಾಟಕಗಳಲ್ಲಿ ದೇಹದ ಗಾತ್ರದ ಪ್ರಶ್ನೆ

ಹೆಣ್ಣುವೇಷ ಹಾಕುವ ಗಂಡಸರ ಬಗ್ಗೆ ಕನ್ನಡದಲ್ಲಿ ಬಂದಿರುವ ಬರವಣಿಗೆ ಬಹುಪಾಲು ಕಂಠ, ಅಭಿನಯ, ಒನಪು–ವಯ್ಯಾರಗಳ ಸುತ್ತಲೇ ಸುತ್ತುತ್ತದೆ. ನಟನ ತೂಕ, ಎತ್ತರ, ಹೆಗಲಿನ ಅಗಲ ಇವೆಲ್ಲ ಹೊಗಳಿಕೆಯ ಒಂದು ಸಾಲಿನಲ್ಲೋ ಗೇಲಿಯ ಒಂದು ಮಾತಿನಲ್ಲೋ ಮುಗಿದುಹೋಗುತ್ತವೆ. ಊರಿಗೆ ಆಟ ಕಲಿಸಲು ಬಂದ ಮಾಸ್ತರು ಪಾರ್ಟು ಹಂಚುವಾಗ ಮಾತ್ರ ಲೆಕ್ಕ ಬೇರೆ. ಅವರ ಕಣ್ಣು ಮೊದಲು ಬೀಳುವುದು ಮೈಕಟ್ಟಿನ ಮೇಲೆ, ಕಂಠದ ಪರೀಕ್ಷೆ ಆಮೇಲೆ. ಎದೆ ಹರವಾದವನಿಗೆ ಭೀಮನೋ ದುರ್ಯೋಧನನೋ ಗಟ್ಟಿ. ಮೀಸೆ ಚಿಗುರುತ್ತಿರುವ ಸಣ್ಣ ಆಳಿಗೆ ದ್ರೌಪದಿ. ಈ ಮೊದಲ ನೋಟವೇ ಇಲ್ಲಿನ ವಿಷಯ. ನನ್ನ ವಾದ ಇಷ್ಟು: ದಪ್ಪ ಮೈ ಹೆಣ್ಣುವೇಷಕ್ಕೆ ತೊಡಕಾದದ್ದು ತನ್ನ ದಪ್ಪದಿಂದಲ್ಲ, ಎದುರಿಗೆ ನಿಲ್ಲುವ ಗಂಡುವೇಷ ಕಾಲಕ್ರಮದಲ್ಲಿ ಸಣ್ಣದಾಗುತ್ತ ಬಂದದ್ದರಿಂದ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಒಟ್ಟಿಗೆ ಹೆಸರಿಸಿದರೆ ಒಂದೇ ಸೀಮೆಯಂತೆ ಕೇಳಿಸುತ್ತದೆ. ಆಟದ ಮಟ್ಟಿಗೆ ಹಾಗಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಜಗಳೂರಿನ ಬಯಲಾಟಕ್ಕೆ ಚಿತ್ರದುರ್ಗ–ಬಳ್ಳಾರಿ ಕಡೆಯ ದೊಡ್ಡಾಟದ ನಂಟಿದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಗೆ ಹೊಳೆಯಾಚೆಯ ರಾಣೆಬೆನ್ನೂರು ಹತ್ತಿರ. ಅಡಿಕೆ ಸೀಮೆಯಾದ ಚನ್ನಗಿರಿಗೆ ಮಲೆನಾಡಿನ ಕಡೆಯೂ ಒಂದು ಬಾಗಿಲಿದೆ. ನಾಲ್ಕಕ್ಕೂ ಸಮಾನವಾಗಿ ಸಿಕ್ಕಿದ್ದು ದಾವಣಗೆರೆಯ ಕಂಪನಿ ನಾಟಕ. ಹಾಗಾಗಿ ಹೆಣ್ಣುವೇಷದ ಹಲವು ಬಗೆಗಳನ್ನು ಮಗ್ಗುಲಲ್ಲಿಟ್ಟು ನೋಡಲು ಈ ಸೀಮೆ ಅನುಕೂಲ.

ಮೊದಲು ದೊಡ್ಡಾಟ. ಅಟ್ಟದ ಮೇಲೆ ಬರುವ ರಾಜವೇಷವನ್ನು ಗಮನಿಸಿ. ತಲೆಗೆ ಕಿರೀಟ, ಎರಡೂ ಹೆಗಲಿಗೆ ಭುಜಕೀರ್ತಿ, ಎದೆಗೆ ಎದೆಕಟ್ಟು, ಸೊಂಟಕ್ಕೆ ಪಟ್ಟಿ, ಕಾಲಿಗೆ ಗೆಜ್ಜೆ. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಈ ಸಾಮಾನು ಮೈಗೇರಿದರೆ ಸಾಧಾರಣ ಆಳೂ ಎತ್ತರ–ಅಗಲ ಎರಡರಲ್ಲೂ ಬೆಳೆದುಬಿಡುತ್ತಾನೆ. ಭುಜಕೀರ್ತಿಯ ತುದಿ ಅವನ ನಿಜವಾದ ಹೆಗಲಿನಿಂದ ಎಷ್ಟೋ ಆಚೆಗೆ ಚಾಚಿರುತ್ತದೆ. ಅವನ ಪಕ್ಕದ ರಾಣಿಗೆ ಸೀರೆ, ಕುಪ್ಪಸ, ಡಾಬು, ಚೌರಿ ಸೇರಿಸಿ ಹೆಣೆದ ಜಡೆ ಇಷ್ಟೇ. ಆ ರಾಣಿ ಹೊಲದಲ್ಲಿ ದುಡಿದು ಹುರಿಗಟ್ಟಿದ ನಲವತ್ತರ ಗಂಡಸಾಗಿದ್ದರೂ, ತೋಳು ತೊಡೆ ತುಂಬಿದ ಧಡೂತಿಯಾಗಿದ್ದರೂ, ರಾಜನ ಮಗ್ಗುಲಲ್ಲಿ ಸಣ್ಣದಾಗಿಯೇ ಕಾಣುತ್ತಾಳೆ. ನೋಡುಗರ ಕಣ್ಣು ಅಳೆಯುವುದು ಒಂದು ಮೈಯನ್ನು ಇನ್ನೊಂದರ ಜೊತೆಗಿಟ್ಟು. ದೊಡ್ಡಾಟದಲ್ಲಿ ಹೆಣ್ಣುವೇಷದ ಗಾತ್ರವನ್ನು ತೀರ್ಮಾನಿಸುತ್ತಿದ್ದುದು ಹೆಣ್ಣುವೇಷದವನ ತೂಕಕ್ಕಿಂತ ಹೆಚ್ಚಾಗಿ ಗಂಡುವೇಷದ ಪೆಟ್ಟಿಗೆಯಲ್ಲಿದ್ದ ಸಾಮಾನು.

ಕರಾವಳಿಯ ಯಕ್ಷಗಾನದಲ್ಲೂ ಇದೇ ನಡೆ. ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ತಲೆಕಟ್ಟಿನ ಎದುರು, ತೆಂಕುತಿಟ್ಟಿನ ಕಿರೀಟದ ಎದುರು ಸ್ತ್ರೀವೇಷ ಬರಿದಲೆಯದು. ಆದರೆ ಕರಾವಳಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶೂರ್ಪನಖಿ, ಹಿಡಿಂಬಿ, ಪೂತನಿಯರ ಘೋರ ರೂಪವನ್ನು ಹೆಣ್ಣು ಬಣ್ಣ ಎಂದು ಬೇರೆ ಪಂಗಡ ಮಾಡಿ, ಅದನ್ನು ಬಣ್ಣದ ವೇಷಧಾರಿಗಳ ಪಾಲಿಗೆ ಬಿಟ್ಟರು. ದೊಡ್ಡ ಮೈಯ ಹೆಣ್ಣಿಗೆ ಅಲ್ಲಿ ತನ್ನದೇ ಬಣ್ಣಗಾರಿಕೆ ಇದೆ, ಪ್ರವೇಶಕ್ಕೆ ತನ್ನದೇ ಅಬ್ಬರ ಇದೆ. ಕಸುಬು ಬಲ್ಲ ಹಿರಿಯರು ನಿಂತು ಮಾಡುವ ವೇಷ ಅದು, ನಗೆಪಾಟಲಿಗೆ ಇಟ್ಟದ್ದಲ್ಲ. ನಾಟ್ಯಶಾಸ್ತ್ರದ ಭೂಮಿಕಾ ಪ್ರಕರಣವೂ ಈ ಹಾದಿಯದೇ: ದೇವತೆಯ ಪಾತ್ರಕ್ಕೆ ತೀರ ದಪ್ಪವೂ ಅಲ್ಲದ, ಬಡಕಲೂ ಅಲ್ಲದ ನಟ, ರಾಕ್ಷಸನಿಗೆ ದೊಡ್ಡ ಮೈ, ದೊಡ್ಡ ದನಿ. ಗಂಡು ಹೆಣ್ಣಾಗುವುದನ್ನು ಭರತ ರೂಪಾನುರೂಪವೆಂದು ಬೇರೆ ಎಣಿಸಿದ್ದಾನೆ. ಅದನ್ನು ಕೊರತೆಯೆಂದು ಕಂಡಿಲ್ಲ.

ಇಲ್ಲಿ ತೂಕವನ್ನೂ ಅಂಗಕಟ್ಟನ್ನೂ ಬೇರೆ ಮಾಡಿ ನೋಡಬೇಕು. ಎರಡನ್ನೂ ದಪ್ಪ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದರಿಂದಲೇ ಅರ್ಧ ಗೊಂದಲ. ಗಂಡಸಿನ ಹೆಗಲು ಅಗಲ, ಕಟಿ ಕಿರಿದು; ಇದು ಎಲುಬಿನ ಲೆಕ್ಕ, ಉಪವಾಸ ಮಾಡಿದರೆ ಬದಲಾಗುವುದಲ್ಲ. ಸಣಕಲು ಗಂಡಸು ಸೀರೆ ಉಟ್ಟಾಗ ಹೆಗಲಿನ ಮೂಳೆ, ಕೊರಳಿನ ಗಂಟು, ದವಡೆಯ ಕೋನ ಇನ್ನಷ್ಟು ಎದ್ದು ಕಾಣುವುದೂ ಉಂಟು. ಹಿತವಾಗಿ ಮೈ ತುಂಬಿದವನ ಕೆನ್ನೆ, ತೋಳು ಗುಂಡಗಾಗಿ ಆ ಕೋನಗಳು ಮುಚ್ಚಿಹೋಗುತ್ತವೆ. ಅಂದರೆ ಒಂದು ಮಿತಿಯವರೆಗೆ ತೂಕ ಹೆಣ್ಣುವೇಷಕ್ಕೆ ಸಹಾಯಕ. ಅಡ್ಡ ಬರುವುದು ಹೊಟ್ಟೆ, ಏಕೆಂದರೆ ಗಂಡಸಿಗೆ ಮೈ ಬರುವುದು ಹೆಚ್ಚಾಗಿ ಅಲ್ಲಿಯೇ. ಸೊಂಟದ ಕೆಳಗೆ ಅಷ್ಟಾಗಿ ಅಲ್ಲ.

ವೇಷ ಕಟ್ಟುವವರ ಕೈಚಳಕವೆಲ್ಲ ಈ ಒಂದು ಕಡೆ ಸೇರಿಕೊಂಡಿರುತ್ತದೆ. ಹೊಟ್ಟೆ ಬಂದವನಿಗೆ ಸೀರೆ ಉಡಿಸುವವನು ಹೊಟ್ಟೆಯನ್ನು ಬಿಗಿದು ಕಟ್ಟಿ ಕೈಬಿಡುವುದಿಲ್ಲ. ಬಿಗಿದರೆ ಪದ ಹಾಡಲು ಉಸಿರು ಸಾಲದು, ಬಿಗಿದಷ್ಟೂ ಮೇಲಿನ ಮಡಿಕೆ ಉಕ್ಕಿ ಬರುತ್ತದೆ. ಅವನು ಹಳೆಯ ಪಂಚೆಯನ್ನೋ ಟವೆಲನ್ನೋ ಮಡಿಸಿ ಎರಡು ಪಕ್ಕೆಯ ಕೆಳಗೆ, ಹಿಂದಕ್ಕೆ ಕೂರಿಸುತ್ತಾನೆ. ಕಟಿ ಅಗಲವಾದ ಕೂಡಲೇ ಹೊಟ್ಟೆ ತಾನಾಗಿ ಹಿಂದೆ ಸರಿದಂತೆ ಕಾಣುತ್ತದೆ. ನಿರಿಗೆಯನ್ನು ಹೊಕ್ಕುಳಿನ ಮೇಲಕ್ಕೆ ತಂದು, ಸೆರಗನ್ನು ಮುಂದಕ್ಕೆ ಇಳಿಬಿಟ್ಟು, ಡಾಬನ್ನು ತುಸು ಓರೆಯಾಗಿ ಕಟ್ಟುತ್ತಾನೆ. ಕುಪ್ಪಸದ ತೋಳು ಮೊಣಕೈಯವರೆಗೆ ಇರಬೇಕು, ತೋಳು ಕೂಡುವ ಹೊಲಿಗೆ ಹೆಗಲಿನಿಂದ ಒಂದು ಬೆರಳು ಒಳಕ್ಕೆ ಬರಬೇಕು. ಆಮೇಲೆ ನಿಲುವು: ಹೆಗಲು ಇಳಿಬಿಟ್ಟು ಹಿಂದಕ್ಕೆ, ಮೊಣಕಾಲು ಸ್ವಲ್ಪ ಬಾಗಿ, ಮೈ ಓರೆ. ಬಟ್ಟೆಯಿಂದ ಮೈಗೆ ಕೂಡಿಸಬಹುದು, ಕಳೆಯಲಾಗದು. ಹೀಗಾಗಿ ಹೆಣ್ಣುವೇಷದ ಕಲೆಯೆಲ್ಲ ಎಲ್ಲಿ ಕೂಡಿಸಿದರೆ ಎಲ್ಲಿ ಕಳೆದಂತೆ ಕಾಣುತ್ತದೆ ಎಂಬುದರಲ್ಲಿದೆ. ಜಪಾನಿನ ಕಬುಕಿಯಲ್ಲಿ ಹೆಣ್ಣುಪಾತ್ರ ಮಾಡುವ ಒನ್ನಗಾತಗಳೂ ಮೊಣಕಾಲು ಬಾಗಿಸಿ, ಹೆಗಲ ಹಿಂದಿನ ಎಲುಬುಗಳನ್ನು ಹತ್ತಿರ ತಂದು, ಗಂಡುಪಾತ್ರಕ್ಕಿಂತ ತುಸು ಹಿಂದೆ ನಿಂತು ಎತ್ತರ ಮರೆಸುತ್ತಾರೆ. ಒಬ್ಬರಿಂದೊಬ್ಬರು ಕಲಿತದ್ದಲ್ಲ, ಎಲುಬು ಎಲ್ಲೆಡೆಯೂ ಒಂದೇ, ಉಪಾಯವೂ ಒಂದೇ.

ಇದಕ್ಕೆ ತೆರಬೇಕಾದ ಬೆಲೆ ಮೊಣಕಾಲಿನದು. ಬಾಗಿದ ಮೊಣಕಾಲಿನ ಮೇಲೆ ಬೀಳುವ ಹೊರೆ ನೇರ ನಿಂತಾಗಿನದಕ್ಕಿಂತ ಬಹಳ ಹೆಚ್ಚು, ತೂಕ ಏರಿದಂತೆ ಅದೂ ಏರುತ್ತದೆ. ರಾಜವೇಷದವನು ಹಲಗೆ ಅದುರುವಂತೆ ಕುಣಿದು ನಡುನಡುವೆ ಕುರ್ಚಿಯಲ್ಲಿ ಕೂರಬಹುದು. ಹೆಣ್ಣುವೇಷದ ದಪ್ಪ ಆಳು ಅದೇ ಹಲಗೆಯ ಮೇಲೆ ಸಪ್ಪಳವಾಗದಂತೆ ಹೆಜ್ಜೆ ಇಡಬೇಕು, ಅದೂ ಬೆಳಗಿನವರೆಗೆ. ತೂಕದ ಪರಿಣಾಮ ಕಾಣುವ ಅಂದಕ್ಕಿಂತ ಈ ದುಡಿಮೆಯಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ. ವಿಮರ್ಶಕರು ಅಂದದ ಬಗ್ಗೆ ಬರೆದರು, ಮಂಡಿನೋವಿನ ಬಗ್ಗೆ ಬರೆದವರು ಕಡಿಮೆ.

ಕಂಪನಿ ನಾಟಕ ಬಂದಾಗ ಲೆಕ್ಕ ತಿರುಗಿತು, ಆದರೆ ಒಮ್ಮೆಗೇ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಕಂಪನಿಗಳಿಗೆ ಹೆಣ್ಣಿನ ಅಂದದ ಮಾದರಿ ಒದಗಿಸಿದ್ದು ರಾಜಾ ರವಿವರ್ಮನ ಅಚ್ಚುಚಿತ್ರಗಳು. ಅಲ್ಲಿನ ಹೆಣ್ಣುಗಳು ಮೈತುಂಬಿದವರು. ಧಾರವಾಡ–ಬೆಳಗಾವಿ ಸೀಮೆಯಲ್ಲೂ ಜನ ಮುಗಿಬಿದ್ದು ನೋಡಿದ ಮರಾಠಿಯ ಬಾಲಗಂಧರ್ವರ (1888–1967) ಆಕರ್ಷಣೆಗೆ ಕಂಠದಷ್ಟೇ ಆ ಗುಂಡಗಿನ ಮೈಯೂ ಕಾರಣ. ಅವರ ಸೀರೆ–ಒಡವೆ ನೋಡಿ ಮನೆಯ ಹೆಂಗಸರು ಉಡುಗೆ ಬದಲಿಸಿಕೊಂಡರು ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ವಯಸ್ಸಾಗಿ ಮೈ ಇನ್ನಷ್ಟು ಬಂದ ಮೇಲೂ ಅವರು ಹೆಣ್ಣುಪಾತ್ರ ಬಿಡಲಿಲ್ಲ. ಆಗ ಎದ್ದ ಟೀಕೆ ಗಾತ್ರದ್ದೆಂದು ಕಂಡರೂ, ಅದರ ಹಿಂದೆ ಸಿನಿಮಾ ಕಲಿಸಿದ ಹೊಸ ಕಣ್ಣಿತ್ತು. ನಟ ಬಳ್ಳಾರಿ ರಾಘವರು (1880–1946) ಹೆಣ್ಣುಪಾತ್ರವನ್ನು ಹೆಂಗಸರೇ ಮಾಡಬೇಕೆಂದು ಪಟ್ಟುಹಿಡಿದದ್ದೂ ಅದೇ ಕಾಲದಲ್ಲಿ.

ದಾವಣಗೆರೆಯಲ್ಲಿ ಆ ಬದಲಾವಣೆಯ ಹೆಸರು ಚಿಂದೋಡಿ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದ ಚಿಂದೋಡಿ ಲೀಲಾ 1988ರಲ್ಲಿ ಪದ್ಮಶ್ರೀ ಪಡೆದರು. ನಾಯಕಿಯ ಪಾತ್ರದಲ್ಲಿ ಹೆಂಗಸರನ್ನೇ ನೋಡಿ ಅಭ್ಯಾಸವಾದ ಈ ಸೀಮೆಯ ಹಳ್ಳಿಗಳಲ್ಲಿ, ಜಾತ್ರೆಗೆ ಸಾಮಾಜಿಕ ನಾಟಕ ಆಡುವ ಯುವಕ ಸಂಘಗಳೂ ಹೊರಗಿನಿಂದ ನಟಿಯರನ್ನು ಗೊತ್ತುಮಾಡಿ ತರುವುದು ರೂಢಿಯಾಯಿತು. ಸಾಮಾಜಿಕ ನಾಟಕದ ನಾಯಕನಿಗೆ ಕಿರೀಟವಿಲ್ಲ, ಭುಜಕೀರ್ತಿಯಿಲ್ಲ; ಅಂಗಿ, ಪ್ಯಾಂಟು, ಕೈಗೊಂದು ಗಡಿಯಾರ. ಮೇಲೆ ಟ್ಯೂಬ್‌ಲೈಟು. ಅವನ ಪಕ್ಕದಲ್ಲಿ ಸೀರೆ ಉಟ್ಟ ಧಡೂತಿ ಗಂಡಸು ನಿಂತರೆ ಮರೆಯಲು ಏನೂ ಉಳಿದಿಲ್ಲ. ಹೀಗೆ ದಪ್ಪ ಮೈಯ ಹೆಣ್ಣುವೇಷ ರಾಣಿಯ ಸ್ಥಾನದಿಂದ ಜಗಳಗಂಟಿ ಅತ್ತೆ, ಮನೆಗೆಲಸದವಳು, ಹಾಸ್ಯಗಾರನ ಹೆಂಡತಿ ಇಂಥ ಪಾತ್ರಗಳಿಗೆ ಇಳಿಯಿತು. ಈಗ ಪರದೆ ಸರಿದು ಅವನು ಕಾಣಿಸಿದ ಕೂಡಲೇ ನಗು. ಆ ನಗೆಯಲ್ಲಿ ಅಭಿನಯದ ಪಾಲು ಎಷ್ಟು, ಮೈಯ ಪಾಲು ಎಷ್ಟು ಎಂದು ನಟನೇ ಬಲ್ಲ. ಅಮೆರಿಕದ ಹೆಣ್ಣುವೇಷದ ನಟ ಡಿವೈನ್ (1945–1988) ತನ್ನ ಭಾರೀ ಮೈಯನ್ನು ಮುಚ್ಚದೆ, ಬಿಗಿ ಉಡುಪಿನಲ್ಲಿ ಎದ್ದು ತೋರಿಸಿ, ನಗುವವರನ್ನೇ ಕೆಣಕಿದ. ನಮ್ಮ ಟೀವಿ ಹಾಸ್ಯದ ಹೆಣ್ಣುವೇಷಗಳು ಆ ಕೆಣಕನ್ನು ಬಿಟ್ಟು ನಗುವನ್ನಷ್ಟೇ ಇಟ್ಟುಕೊಂಡಿವೆ.

ರಂಗದ ಬೆಳಕೂ ನೋಡುಗರಿಂದ ದೂರವೂ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಹಗಲುವೇಷದವರು ಬಿಸಿಲಲ್ಲಿ, ಮನೆಯ ಬಾಗಿಲಿಗೇ ಬಂದು ನಿಲ್ಲುವವರು. ಅವರ ಸೀತೆಯನ್ನು ನೋಡುವವರು ಕೈಚಾಚುವಷ್ಟು ಹತ್ತಿರ. ಹೊಳೆಯಾಚೆಯ ರಾಣೆಬೆನ್ನೂರಿನಲ್ಲಿ ಹೋಳಿಯ ಹೊತ್ತಿಗೆ ಜೀವಂತ ರತಿ–ಮನ್ಮಥರನ್ನು ಕೂರಿಸಿ, ನಗಿಸಿದವರಿಗೆ ಬಹುಮಾನ ಎಂದು ಪಂಥ ಕಟ್ಟುತ್ತಾರೆ, ರತಿಯೂ ಗಂಡಸೇ. ಅಲ್ಲಿ ಮೈಯ ಸುದ್ದಿ ಎತ್ತಿ ಅಣಕಿಸುವುದಕ್ಕೆ ಅಡ್ಡಿಯಿಲ್ಲ, ಅದೇ ಆಟ. ಕೂತವನಿಗೆ ಬೇಕಾದದ್ದು ಸಣ್ಣ ಸೊಂಟವಲ್ಲ, ಅಲುಗದ ಮುಖ.

ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಜೋಗತಿಯರನ್ನು ಈ ಸಾಲಿಗೆ ಸೇರಿಸುವಾಗ ಎಚ್ಚರ ಬೇಕು. ಜಗಳೂರು ಗಡಿಯಿಂದ ಬಹಳ ದೂರವಿಲ್ಲದ ಉಚ್ಚಂಗಿದುರ್ಗಕ್ಕೆ ಭರತ ಹುಣ್ಣಿಮೆಗೆ ಬರುವ ಜೋಗತಿ ವೇಷ ಹಾಕಿದವಳಲ್ಲ. ಆಟ ಮುಗಿದ ಮೇಲೆ ಸೀರೆ ಬಿಚ್ಚಿಡುವವಳೂ ಅಲ್ಲ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಜೋಗತಿ ಕುಣಿತವನ್ನು ಮೊದಲು ಕಂಡದ್ದು ದಾವಣಗೆರೆಯಲ್ಲಿ. ತಲೆಯ ಮೇಲೆ ಕೊಡ ಹೊತ್ತು, ಕೈಬಿಟ್ಟು ಕುಣಿಯುವ ಆ ಕುಣಿತದಲ್ಲಿ ಹೆಣ್ಣಿನಂತೆ ಕಾಣಬೇಕೆಂಬ ಶರತ್ತೇ ಇಲ್ಲ. ಅಗಲ ಹೆಗಲು ಕೊರತೆಯಲ್ಲ. ಮೈಭಾರ ಮಂಡಿಗೆ ಲೆಕ್ಕ, ನೋಡುವವರ ನಂಬಿಕೆಗೆ ಅಲ್ಲ. ವೇಷಕ್ಕೆ ಮಾತ್ರ ಗಾತ್ರ ಪ್ರಶ್ನೆಯಾಗುತ್ತದೆ, ಬದುಕಿಗೆ ಅಲ್ಲ ಎಂಬ ಈ ಅಂತರವನ್ನು ಬಿಟ್ಟರೆ ಜೋಗತಿಯರನ್ನು ನಟರೆಂದು ಎಣಿಸುವ ತಪ್ಪಿಗೆ ಬೀಳುತ್ತೇವೆ.

ತಿರುಗುಮುರುಗಾದ ಸಾಕ್ಷ್ಯ ಮೈಸೂರಿನ ಆರ್. ನಾಗರತ್ನಮ್ಮನವರದು. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಪಾತ್ರಗಳೆಲ್ಲ ಹೆಂಗಸರವು. ಕಂಸ, ರಾವಣ, ಭೀಮ ಅವರದೇ. ಹೆಣ್ಣು ಗಂಡಾಗುವಾಗ ಮೈಗೆ ಕೂಡಿಸುವ ಕೆಲಸವೇ ಎಲ್ಲ, ಪೌರಾಣಿಕದ ಕಿರೀಟ–ಗದೆ–ಎದೆಕಟ್ಟು ಆ ಕೆಲಸವನ್ನು ಅರ್ಧ ಮುಗಿಸಿಕೊಡುತ್ತವೆ. ಅದೇ ಹೆಂಗಸು ಪ್ಯಾಂಟು–ಅಂಗಿಯ ಸಾಮಾಜಿಕ ನಾಯಕನಾಗಬೇಕಿದ್ದರೆ ಗಾತ್ರದ ತೊಡಕು ಅವರಿಗೂ ಎದುರಾಗುತ್ತಿತ್ತು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ: ಗಂಡುವೇಷದ ಸಾಮಾನು ಬಿದ್ದುಹೋದಾಗ ಎರಡೂ ಕಡೆಯ ವೇಷಾಂತರ ಕಷ್ಟವಾಯಿತು.

ನಾವು ಪ್ರಸಂಗಗಳನ್ನು ಸಂಗ್ರಹಿಸಿದೆವು, ಪದಗಳನ್ನು ಧ್ವನಿಮುದ್ರಿಸಿದೆವು. ವೇಷದ ಪೆಟ್ಟಿಗೆಗಳನ್ನು ಅಳೆಯುವ ಕೆಲಸ ಹಿಂದೆ ಬಿತ್ತು. ಈ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ಕುಪ್ಪಸ, ಡಾಬು, ಭುಜಕೀರ್ತಿ ಇಟ್ಟುಕೊಂಡಿರುವ ಮನೆಗಳಿಗೆ ಹೋಗುವ ಸಂಶೋಧಕರು ದಯವಿಟ್ಟು ಒಂದು ಅಳತೆ ಟೇಪು ಒಯ್ಯಲಿ: ಕುಪ್ಪಸದ ಎದೆಸುತ್ತು, ತೋಳಿನ ಸುತ್ತು, ಭುಜಕೀರ್ತಿಯ ಅಗಲ, ಕಿರೀಟದ ಎತ್ತರ ಬರೆದುಕೊಳ್ಳಲಿ. ಬಯಲಾಟ ಅಕಾಡೆಮಿಯೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ತಮ್ಮ ದಾಖಲೆಯ ನಮೂನೆಯಲ್ಲಿ ಈ ಅಂಕಣಗಳನ್ನು ಸೇರಿಸಬೇಕು.